ಪದಸಂಪತ್ತು ಬೆಳೆಸುವ ತರಗತಿ ಆಟಗಳು

ಮಕ್ಕಳಿಗೆ ಹೊಸ ಪದಗಳನ್ನು ಪರಿಚಯಿಸಲು, ತಿಳಿದ ಪದಗಳ ಅರ್ಥ ಗಟ್ಟಿಗೊಳಿಸಲು ಮತ್ತು ಅವು ಮಾತಿನಲ್ಲಿ, ಬರಹದಲ್ಲಿ ಸಲೀಸಾಗಿ ಬರುವಂತೆ ಮಾಡಲು ಶಿಕ್ಷಕರು ತರಗತಿಯಲ್ಲಿ ನಡೆಸುವ ಚಟುವಟಿಕೆಗಳಿಗೆ ಈ ಹೆಸರು. ಚಿತ್ರ, ಹಾಡು, ಅಭಿನಯ, ಒಗಟು, ಅಕ್ಷರದಾಟ, ಕಥೆ, ಸಂತೆಯಾಟ ಇವೆಲ್ಲ ಇದರಲ್ಲಿ ಸೇರುತ್ತವೆ. ಅಂಗನವಾಡಿಯಿಂದ ಹಿರಿಯ ಪ್ರಾಥಮಿಕ ಹಂತದವರೆಗೆ ಇವುಗಳ ಬಳಕೆಯಿದೆ. ಈ ಲೇಖನ ಮುಖ್ಯವಾಗಿ ಕರ್ನಾಟಕದ ಕನ್ನಡ ತರಗತಿಯನ್ನು ಗಮನದಲ್ಲಿಟ್ಟುಕೊಂಡಿದೆ. ಬಗೆಗಳು ಎಷ್ಟೇ ಇದ್ದರೂ ಒಳ್ಳೆಯ ಪದದಾಟವನ್ನು ಗುರುತಿಸುವ ಒರೆಗಲ್ಲು ಒಂದೇ: ಆಟ ಮುಂದುವರಿಯಬೇಕಾದರೆ ಮಗುವಿಗೆ ಪದದ ಅರ್ಥ ಬೇಕಾಗುತ್ತದೆಯೇ? ಬೇಕಾದರೆ ಆಟವೇ ಪಾಠ. ಬೇಡವಾದರೆ ಅದು ಹೊತ್ತು ಕಳೆಯುವ ಆಟ ಮಾತ್ರ.

ಪದ ತಿಳಿಯುವುದೆಂದರೆ

ಪದವೊಂದು ಮಗುವಿಗೆ ಒಂದೇ ಪೆಟ್ಟಿಗೆ ದಕ್ಕುವುದಿಲ್ಲ. ಮೊದಲು ಕಿವಿಗೆ ಪರಿಚಯವಾಗುತ್ತದೆ. ಆಮೇಲೆ ಸಂದರ್ಭದಲ್ಲಿ ಕೇಳಿದಾಗ ಅರ್ಥವಾಗುತ್ತದೆ. ಎಷ್ಟೋ ದಿನಗಳ ಬಳಿಕ ಮಗು ತಾನಾಗಿ ಅದನ್ನು ಆಡುತ್ತದೆ. ಕೇಳಿ, ಓದಿ ಅರ್ಥಮಾಡಿಕೊಳ್ಳಬಲ್ಲ ಪದಗಳನ್ನು ಗ್ರಹಿಕೆಯ ಪದಸಂಪತ್ತು ಎಂದೂ ಸ್ವತಃ ಆಡಿ ಬರೆಯಬಲ್ಲ ಪದಗಳನ್ನು ಬಳಕೆಯ ಪದಸಂಪತ್ತು ಎಂದೂ ಕರೆಯುತ್ತಾರೆ. ಮೊದಲನೆಯದು ಯಾವಾಗಲೂ ದೊಡ್ಡದು. ಮೊದಲನೆಯದರಲ್ಲಿರುವ ಪದವನ್ನು ಎರಡನೆಯದಕ್ಕೆ ದಾಟಿಸುವುದೇ ತರಗತಿ ಆಟದ ಕೆಲಸ.

ಯಾವ ಪದಗಳನ್ನು ಕಲಿಸಬೇಕು ಎಂಬ ಪ್ರಶ್ನೆಗೆ ಅಮೆರಿಕದ ಸಂಶೋಧಕಿಯರಾದ ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕೌನ್ ಮತ್ತು ಲಿಂಡಾ ಕುಕನ್ 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿನ ಮೂರು ಹಂತದ ವಿಂಗಡಣೆ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಇದನ್ನು ಕನ್ನಡಕ್ಕೆ ಹೀಗೆ ಅನ್ವಯಿಸಬಹುದು. ಮನೆ, ನೀರು, ಓಡು ಮೊದಲಾದವು ಮಗು ಮನೆಯಲ್ಲೇ ಕಲಿತು ಬರುವ ಪದಗಳು. ದ್ಯುತಿಸಂಶ್ಲೇಷಣೆ, ಅಕ್ಷಾಂಶ ಮೊದಲಾದವು ಆಯಾ ವಿಷಯದ ಪಾಠದಲ್ಲಿ ಬರುವ ಪರಿಭಾಷೆಗಳು. ಇವೆರಡರ ನಡುವೆ ಹಿಂಜರಿ, ಎಚ್ಚರಿಕೆ, ಉಪಾಯ, ಮೆಚ್ಚುಗೆ, ವಿರಳ ಎಂಬಂಥ ಪದಗಳಿವೆ. ಇವು ಎಲ್ಲ ಪಾಠಗಳಲ್ಲೂ ಬರುತ್ತವೆ, ಆದರೆ ಇವನ್ನು ಕಲಿಸುವ ಹೊಣೆ ಯಾರ ಪಾಲಿಗೂ ಬರುವುದಿಲ್ಲ. ಓದು ಮುಗ್ಗರಿಸುವುದು ಇಂಥ ಕಡೆಯೇ. ಹಾಗಾಗಿ ಆಟಗಳಲ್ಲಿ ಈ ನಡುವಣ ಪದಗಳಿಗೆ ಹೆಚ್ಚಿನ ಪಾಲು ಸಿಗಬೇಕು.

ಹಿನ್ನೆಲೆ

ಪದವನ್ನು ವಸ್ತುವಿನೊಡನೆ ಸೇರಿಸಿ ಕಲಿಸಬೇಕೆಂಬ ವಿಚಾರ ಹಳೆಯದು. ಇಂದಿನ ಚೆಕ್ ನಾಡಿನ ಶಿಕ್ಷಣ ಚಿಂತಕ ಕೊಮೆನಿಯಸ್ (1592–1670) 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಪ್ರಕಟಿಸಿದ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’ ಎಂಬ ಚಿತ್ರಪುಸ್ತಕದಲ್ಲಿ ಲೋಕದ ವಸ್ತುಗಳಿಗೆ, ಕಸುಬುಗಳಿಗೆ ಚಿತ್ರ ಬರೆಸಿ ಪಕ್ಕದಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಹೆಸರುಗಳನ್ನು ಕೊಟ್ಟಿದ್ದ. ಮಕ್ಕಳಿಗಾಗಿಯೇ ಸಿದ್ಧವಾದ ಮೊದಲ ಸಚಿತ್ರ ಪಠ್ಯಗಳಲ್ಲಿ ಅದು ಒಂದು.

ರೋಮ್‌ನಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದ ಮರಿಯಾ ಮಾಂಟೆಸರಿ, ಫ್ರೆಂಚ್ ವೈದ್ಯ ಸೆಗ್ವಾನ್‌ನಿಂದ ಪಡೆದ ಮೂರು ಹೆಜ್ಜೆಯ ಪಾಠವನ್ನು ಪದ ಕಲಿಕೆಗೆ ಬಳಸಿದರು. ಮೊದಲ ಹೆಜ್ಜೆಯಲ್ಲಿ ಶಿಕ್ಷಕಿ ಮಗುವಿನ ಕೈಗೆ ಎರಡು ಹಲಗೆ ಕೊಟ್ಟು “ಇದು ಒರಟು, ಇದು ನುಣುಪು” ಎನ್ನುತ್ತಾರೆ. ಎರಡನೆಯದರಲ್ಲಿ “ಒರಟಾದದ್ದನ್ನು ಕೊಡು” ಎಂದು ಕೇಳುತ್ತಾರೆ. ಮೂರನೆಯದರಲ್ಲಿ “ಇದು ಹೇಗಿದೆ?” ಎಂದು ಕೇಳಿ ಮಗುವಿನ ಬಾಯಿಂದಲೇ ಪದ ಹೊರಡಿಸುತ್ತಾರೆ. ಕೇಳುವುದು, ಗುರುತಿಸುವುದು, ಆಡುವುದು ಎಂಬ ಈ ಕ್ರಮ ಇಂದಿನ ಬಹುತೇಕ ಪದದಾಟಗಳ ಬುನಾದಿ. ಮಾಂಟೆಸರಿ 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದರು.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಶರ್ 1960ರ ದಶಕದಲ್ಲಿ ಮೈಚಲನೆಯ ಮೂಲಕ ಭಾಷೆ ಕಲಿಸುವ ವಿಧಾನವನ್ನು ರೂಪಿಸಿದರು. ಶಿಕ್ಷಕರು ಹೇಳಿದ ಕ್ರಿಯೆಯನ್ನು ಮಕ್ಕಳು ಮಾಡಿ ತೋರಿಸುವುದು ಇದರ ತಿರುಳು. ಮಗು ಮಾತಾಡುವ ಮೊದಲು ಕೇಳಿ, ಮಾಡಿ ಕಲಿಯುತ್ತದೆ ಎಂಬುದು ಇದರ ಆಧಾರ.

ಕರ್ನಾಟಕದಲ್ಲಿ

ಕನ್ನಡದಲ್ಲಿ ಮಕ್ಕಳ ಮಾತಿಗೆ ಹೊಂದುವ ಬರಹವನ್ನು ಕಟ್ಟಿಕೊಟ್ಟವರಲ್ಲಿ ಪಂಜೆ ಮಂಗೇಶರಾಯರು (1874–1937) ಮೊದಲಿಗರು. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ತಲೆಮಾರುಗಳ ಬಾಯಲ್ಲಿ ಉಳಿದಿವೆ. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂಲಕ ಕನ್ನಡ ಮಕ್ಕಳಿಗೆ ವಿಶ್ವಕೋಶವನ್ನೇ ಕೊಟ್ಟರು. ಲೋಕಜ್ಞಾನ ಮತ್ತು ಪದಜ್ಞಾನ ಬೇರೆ ಬೇರೆಯಲ್ಲ ಎಂಬ ತಿಳಿವು ಅದರಲ್ಲಿದೆ.

ಸರ್ಕಾರಿ ಶಾಲೆಗಳಲ್ಲಿ ಆಟ-ಪಾಠ ಬೆರೆತದ್ದು ನಲಿ-ಕಲಿಯಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಇದು ಶುರುವಾಯಿತು. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿ ಬಂದ ಶಿಕ್ಷಕರೇ ಇದನ್ನು ಇಲ್ಲಿಗೆ ಒಗ್ಗಿಸಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆ ಇದು ವಿಸ್ತರಿಸಿತು. ಕಲಿಕಾ ಏಣಿ, ಮೈಲಿಗಲ್ಲು, ಕಲಿಕಾ ಕಾರ್ಡು, ಮಕ್ಕಳ ಕೆಲಸವನ್ನು ತಲೆಯ ಮೇಲೆ ತೂಗುಹಾಕುವ ಕಲಿಕಾ ಚಪ್ಪರ, ಮಕ್ಕಳ ಎತ್ತರಕ್ಕೆ ಗೋಡೆಯಲ್ಲೇ ಬಳಿದ ಕಪ್ಪುಹಲಗೆ ಇವು ನಲಿ-ಕಲಿ ಕೊಠಡಿಯ ಗುರುತುಗಳು. ಇಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಈ ಐದೇ ಅಕ್ಷರ ಬಂದರೆ ಸರ, ರಸ, ಅರಸ, ಅಗಸ, ಗರಗಸ ಎಂದು ಮಗು ಓದಬಲ್ಲದು. ಅಕ್ಷರ ಕಲಿತ ವಾರದಲ್ಲೇ ಪದ ಕೈಗೆ ಬರುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮಗಳೂ ಬುನಾದಿ ಹಂತದ ಓದು-ಬರಹಕ್ಕೆ ಆಟವನ್ನು ಮುಖ್ಯ ದಾರಿಯಾಗಿ ಒಪ್ಪಿಕೊಂಡಿವೆ.

ಆಟಗಳ ಬಗೆಗಳು

ನೋಡಿ, ಮುಟ್ಟಿ ಕಲಿಯುವ ಆಟಗಳು. ಮೂರರಿಂದ ಆರು ವರ್ಷದ ಮಕ್ಕಳಿಗೆ ಇವು ಸೂಕ್ತ. ಗುಟ್ಟಿನ ಚೀಲದಲ್ಲಿ ಹುಣಸೆಬೀಜ, ತೆಂಗಿನ ನಾರು, ಹತ್ತಿ, ಗೋಲಿ, ಮರಳುಕಾಗದ ಹಾಕಿ ಮಗುವಿನ ಕೈ ಒಳಗೆ ಬಿಡಿಸುತ್ತಾರೆ. ಕಣ್ಣಿಗೆ ಕಾಣದ್ದನ್ನು ಒರಟು, ನಯ, ಮೆತ್ತಗೆ, ಚೂಪು, ಗುಂಡಗೆ ಎಂದು ಮಗು ಬಣ್ಣಿಸಬೇಕು, ಉಳಿದವರು ಊಹಿಸಬೇಕು. ದೃಷ್ಟಿದೋಷವಿರುವ ಮಕ್ಕಳೂ ಸರಿಸಮನಾಗಿ ಆಡಬಹುದಾದ ಆಟವಿದು. ನೆನಪಿನ ತಟ್ಟೆ ಇನ್ನೊಂದು. ತಟ್ಟೆಯಲ್ಲಿ ಹತ್ತು ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ಏನೇನಿತ್ತು ಎಂದು ಕೇಳುವುದು. ರಡ್ಯಾರ್ಡ್ ಕಿಪ್ಲಿಂಗ್‌ನ ‘ಕಿಮ್’ (1901) ಕಾದಂಬರಿಯಲ್ಲಿ ಬರುವ ಈ ಆಟವನ್ನು ಬೇಡನ್ ಪೊವೆಲ್ ಸ್ಕೌಟ್ ಚಳವಳಿಗೆ ತಂದರು. ಶಾಲೆಗಳಿಗೂ ಅದು ಹಬ್ಬಿತು. ಮಿಂಚುಪಟ್ಟಿಗಳು, ಚಿತ್ರ-ಪದ ಜೋಡಿಸುವುದು, ಗುಂಪಿಗೆ ಸೇರದ್ದನ್ನು ತೆಗೆಯುವುದು ಇದೇ ಸಾಲಿನವು. ಸೇರದ್ದನ್ನು ತೆಗೆದ ಮೇಲೆ “ಯಾಕೆ ಸೇರುವುದಿಲ್ಲ?” ಎಂದು ಕೇಳಿದಾಗಲೇ ಆಟಕ್ಕೆ ಬೆಲೆ.

ಮೈಕುಣಿಸುವ ಆಟಗಳು. ಕ್ರಿಯಾಪದಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಂಗಳದಲ್ಲಿ ಮಕ್ಕಳನ್ನು ಬಿಟ್ಟು ತೆವಳಿ, ಕುಂಟಿ, ನುಸುಳಿ, ಜಿಗಿಯಿರಿ, ತೂರಾಡಿ, ದಾಪುಗಾಲು ಹಾಕಿ, ತುದಿಗಾಲಲ್ಲಿ ನಡೆಯಿರಿ ಎಂದು ಹೇಳುತ್ತಾ ಹೋಗುವುದು. ನಡಿಗೆಗೆ ಕನ್ನಡದಲ್ಲಿ ಎಷ್ಟು ಪದಗಳಿವೆ ಎಂಬುದು ಮಗುವಿನ ಕಾಲಿಗೇ ಗೊತ್ತಾಗುತ್ತದೆ. ಹಾರುವ ಪ್ರಾಣಿಯ ಹೆಸರು ಹೇಳಿದಾಗ ಮಾತ್ರ ಕೈ ಎತ್ತುವ ಆಟದಲ್ಲಿ ಕಾಗೆ, ಮಿಡತೆ, ಬಾವಲಿಗೆ ಕೈ ಏಳಬೇಕು, ಎಮ್ಮೆಗೆ ಏಳಬಾರದು. ಕುಂಟೆಬಿಲ್ಲೆಯ ಮನೆಗಳಲ್ಲಿ ಪದ ಬರೆದು, ಬಿಲ್ಲೆ ಬಿದ್ದ ಮನೆಯ ಪದಕ್ಕೆ ವಿರುದ್ಧ ಪದ ಹೇಳಿ ಕುಂಟುವ ಆಟವೂ ಚೆನ್ನಾಗಿ ನಡೆಯುತ್ತದೆ.

ದನಿಯ ಆಟಗಳು. ಅನುಕರಣ ಪದಗಳು ಕನ್ನಡದ ದೊಡ್ಡ ಆಸ್ತಿ. ಶಿಕ್ಷಕರು ದನಿ ಮಾಡುತ್ತಾರೆ, ಮಕ್ಕಳು ಹೆಸರಿಸುತ್ತಾರೆ: ಒಣ ಎಲೆ ತುಳಿದರೆ ಚರಚರ, ಹೊಳೆ ಹರಿದರೆ ಜುಳುಜುಳು, ಬಾಗಿಲು ಬಡಿದರೆ ದಬದಬ, ಮಳೆ ಹನಿದರೆ ಪಟಪಟ. ಆಮೇಲೆ ದನಿಗಳನ್ನು ಸೇರಿಸಿ ಒಂದು ಸಣ್ಣ ಕಥೆ ಕಟ್ಟುತ್ತಾರೆ. ಪ್ರಾಸಪದಗಳನ್ನು ಹುಡುಕುವುದು, ನಾಲಿಗೆ ಹೊರಳಿಸುವ ಸಾಲುಗಳನ್ನು ಮಕ್ಕಳೇ ಕಟ್ಟುವುದು ಅ-ಹ, ಲ-ಳ, ನ-ಣ ಉಚ್ಚಾರಣೆಯನ್ನೂ ತಿದ್ದುತ್ತವೆ.

ಒಗಟಿನ ಆಟಗಳು. ಒಗಟು ಹೇಳುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಮಕ್ಕಳಿಗೆ ಒಗಟು ಬಿಡಿಸಲು ಕೊಡುವುದಕ್ಕಿಂತ ಕಟ್ಟಲು ಹೇಳುವುದು ಹೆಚ್ಚು ಫಲ ಕೊಡುತ್ತದೆ. ಕೊಡೆಯ ಚೀಟಿ ಸಿಕ್ಕ ಮಗು “ಮಳೆ ಬಂದರೆ ಅರಳುವೆ, ನಿಂತರೆ ಮುದುಡುವೆ, ಆದರೂ ಹೂವಲ್ಲ” ಎಂದು ಕಟ್ಟಬೇಕಾದರೆ ಅರಳು, ಮುದುಡು ಎಂಬ ಎರಡು ಪದಗಳ ಪೂರ್ಣ ಅರ್ಥ ಅದರ ಕೈಯಲ್ಲಿರಬೇಕು. ಹೆಸರು ಹೇಳದೆ ಬಣ್ಣಿಸುವ ಆಟ, ಮಾತಿಲ್ಲದೆ ಅಭಿನಯಿಸಿ ತೋರಿಸುವ ಆಟ ಇದರ ಬಳಗದವೇ.

ಅಕ್ಷರದ ಆಟಗಳು. ಎಂಟು ವರ್ಷ ದಾಟಿದವರಿಗೆ ಇವು ಇಷ್ಟ. ‘ಕರಿಮಣಿಸರ’ ಎಂಬ ಪದದ ಆರು ಅಕ್ಷರಗಳನ್ನು ಆರು ಚೀಟಿಗಳಲ್ಲಿ ಬರೆದು ಹಂಚಿದರೆ ಕರಿ, ಮಣಿ, ಸರ, ಮರಿ, ಸರಿ, ಮರ, ಕಸ, ರಸ, ಸಮ, ಸಮರ ಎಲ್ಲ ಹೊರಬರುತ್ತವೆ. ಅಂತ್ಯಾಕ್ಷರಿಗೆ ಕನ್ನಡದಲ್ಲಿ ಒಂದು ತೊಡಕಿದೆ: ಣ ಮತ್ತು ಳ ಅಕ್ಷರಗಳಿಂದ ಪದಗಳು ಆರಂಭವಾಗುವುದಿಲ್ಲ. ಒಬ್ಬರು ‘ಹಳ್ಳ’ ಎಂದರೆ ಮುಂದಿನವರು ಸಿಕ್ಕಿಬೀಳುತ್ತಾರೆ. ಅಂಥಲ್ಲಿ ಹಿಂದಿನ ಅಕ್ಷರ ಹಿಡಿಯಬಹುದು, ಅಥವಾ ಣಕ್ಕೆ ನ, ಳಕ್ಕೆ ಲ ತೆಗೆದುಕೊಳ್ಳಬಹುದು ಎಂದು ಮೊದಲೇ ನಿಯಮ ಮಾಡಿಕೊಂಡರೆ ಆಟ ನಿಲ್ಲುವುದಿಲ್ಲ. ಪದಬಂಧ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ರಚಿಸಿದ ಆಟದಿಂದ ಬಂದದ್ದು. ಕನ್ನಡದಲ್ಲಿ ಒಂದು ಮನೆಗೆ ಕಾಗುಣಿತ, ಒತ್ತು ಸಹಿತ ಒಂದು ಅಕ್ಷರ ಕೂರುತ್ತದೆ. ‘ಪುಸ್ತಕ’ಕ್ಕೆ ಮೂರೇ ಮನೆ. ಸುಳಿವು ಅರ್ಥವನ್ನು ಅವಲಂಬಿಸಿರುವುದರಿಂದ ಪದಬಂಧ ನಿಜವಾದ ಪದದಾಟ. ಹೆಸರು, ಊರು, ಪ್ರಾಣಿ, ವಸ್ತು ಬರೆಯುವ ಆಟ, ನಿಘಂಟಿನಲ್ಲಿ ಯಾರು ಮೊದಲು ಪದ ಹುಡುಕುತ್ತಾರೆಂಬ ಪಂದ್ಯ ಇವೂ ಈ ವಯಸ್ಸಿಗೆ ಒಪ್ಪುತ್ತವೆ.

ಪದಕುಟುಂಬದ ಆಟಗಳು. ಕನ್ನಡದಲ್ಲಿ ಪ್ರತ್ಯಯ ಸೇರಿಸಿ ಹೊಸ ಪದ ಕಟ್ಟುವುದು ಸುಲಭ. ಆಡು ಎಂಬುದರಿಂದ ಆಟ, ಆಟಗಾರ, ಆಟಿಕೆ, ಆಡಿಸು. ಓಡು ಎಂಬುದರಿಂದ ಓಟ, ಓಟಗಾರ, ಓಡಾಟ, ಓಡಿಸು. ಪ್ರತಿ ಗುಂಪಿಗೆ ಒಂದು ತಾಯಿಪದ ಕೊಟ್ಟು ಮರದ ಚಿತ್ರದಲ್ಲಿ ಕೊಂಬೆಗಳನ್ನು ತುಂಬಿಸಲು ಹೇಳುತ್ತಾರೆ. ‘ಗಾರ’ ಎಂದರೆ ಮಾಡುವವನು ಎಂದು ಹೊಳೆದ ಮಗು ಬೇಟೆಗಾರ, ಕೆಲಸಗಾರ, ಹಾಡುಗಾರ ಪದಗಳನ್ನು ಯಾರೂ ಹೇಳಿಕೊಡದೆ ಅರ್ಥಮಾಡಿಕೊಳ್ಳುತ್ತದೆ. ಒಂದು ಆಟದಿಂದ ಹತ್ತಾರು ಪದಗಳ ಬಾಗಿಲು ತೆರೆಯುವುದು ಇಲ್ಲಿ ಮಾತ್ರ. ಹಣ್ಣುಹಂಪಲು, ಗಿಡಗಂಟಿ, ಮನೆಮಠ ಮೊದಲಾದ ಜೋಡುನುಡಿಗಳ ಅರ್ಧರ್ಧ ಚೀಟಿ ಹಂಚಿ ಜೊತೆಗಾರರನ್ನು ಹುಡುಕಿಸುವುದೂ ಇದೇ ಬಗೆ.

ಹಗ್ಗದ ಮೇಲಿನ ಪದಗಳು. ಕೊಠಡಿಯ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ, ತಣ್ಣಗೆ, ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಸುಡುಬಿಸಿ ಎಂಬ ಚೀಟಿಗಳನ್ನು ಮಕ್ಕಳಿಂದ ಕ್ರಮವಾಗಿ ಸಿಕ್ಕಿಸುವುದು. ಪಿಸುಗುಟ್ಟು, ಮಾತಾಡು, ಕೂಗು, ಕಿರುಚು ಇನ್ನೊಂದು ಸಾಲು. ಉಗುರುಬೆಚ್ಚಗೆ ಮತ್ತು ಬೆಚ್ಚಗೆ ಇವುಗಳಲ್ಲಿ ಯಾವುದು ಮೊದಲು ಎಂದು ಇಬ್ಬರು ಮಕ್ಕಳು ವಾದಕ್ಕಿಳಿದರೆ ಶಿಕ್ಷಕರು ಅವಸರದಿಂದ ತೀರ್ಪು ಕೊಡಬಾರದು. ಒಬ್ಬಳು ಎಳೆ ಮಗುವಿಗೆ ಹಾಕುವ ನೀರಿನ ಮಾತೆತ್ತುತ್ತಾಳೆ, ಇನ್ನೊಬ್ಬ ಕಂಬಳಿಯ ಮಾತೆತ್ತುತ್ತಾನೆ. ಹತ್ತಿರದ ಅರ್ಥದ ಪದಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಕಲಿಯುವುದು ಇಂಥ ವಾದದಲ್ಲೇ.

ಸಂತೆಯಾಟ. ಕರ್ನಾಟಕದ ಅನೇಕ ಶಾಲೆಗಳು ಮಕ್ಕಳ ಸಂತೆ ನಡೆಸುತ್ತವೆ. ಲೆಕ್ಕ ಕಲಿಸಲೆಂದು ಅದನ್ನು ಏರ್ಪಡಿಸುವುದೇ ಹೆಚ್ಚು. ಪದ ಕಲಿಕೆಗೂ ಅಷ್ಟೇ ದೊಡ್ಡ ಅವಕಾಶ ಅಲ್ಲಿದೆ. ಸೊಪ್ಪಿಗೆ ಕಟ್ಟು, ಹೂವಿಗೆ ಮೊಳ, ಬಾಳೆಹಣ್ಣಿಗೆ ಚಿಪ್ಪು, ದ್ರಾಕ್ಷಿಗೆ ಗೊಂಚಲು, ಹಲಸಿಗೆ ತೊಳೆ, ಬೆಳ್ಳುಳ್ಳಿಗೆ ಎಸಳು, ಕಲ್ಲಂಗಡಿಗೆ ಹೋಳು ಹೀಗೆ ಒಂದೊಂದು ಪದಾರ್ಥಕ್ಕೆ ಒಂದೊಂದು ಪದ. “ಒಂದು ಬಾಳೆಹಣ್ಣು ಕೊಡಿ” ಎಂದರೆ ಒಂದೇ ಹಣ್ಣು ಸಿಗುತ್ತದೆ, “ಒಂದು ಚಿಪ್ಪು” ಎಂದರೆ ಕೈತುಂಬ ಸಿಗುತ್ತದೆ. ಚೌಕಾಸಿ, ಚಿಲ್ಲರೆ, ಕಡ, ತೂಕ, ಬಾಡಿದ, ಎಳೆಯ, ಬಲಿತ ಎಂಬ ಮಾತುಗಳು ಕೊಡು-ಕೊಳ್ಳುವಾಗ ತಾವಾಗಿ ಬಾಯಿಗೆ ಬರುತ್ತವೆ. ಪದ ತಪ್ಪಿದರೆ ವ್ಯಾಪಾರವೇ ತಪ್ಪುವುದರಿಂದ ಅರ್ಥ ಇಲ್ಲಿ ಬಿಟ್ಟರೂ ಬಿಡದು. ಸಂತೆಯ ಹಿಂದಿನ ದಿನ ಪದಗಳನ್ನು ಕೇಳಿಸಿ, ಮಾರನೆಯ ದಿನ “ಏನು ಕೊಂಡೆ, ಹೇಗೆ ಕೊಂಡೆ” ಎಂದು ಬರೆಸಿದರೆ ಒಂದು ಚಟುವಟಿಕೆ ಮೂರು ದಿನದ ಪಾಠವಾಗುತ್ತದೆ.

ಕಥೆಯ ಆಟಗಳು. ಶಿಕ್ಷಕರು ಚಿತ್ರಪುಸ್ತಕವನ್ನು ಗಟ್ಟಿಯಾಗಿ ಓದುತ್ತಾ, ಆಯ್ದ ಪದ ಬಂದಲ್ಲಿ ನಿಂತು, ಮುಖಭಾವದಿಂದಲೋ ಚಿತ್ರದಿಂದಲೋ ಅರ್ಥ ತಿಳಿಸಿ, ಮುಂದೇನಾಗುತ್ತದೆ ಎಂದು ಕೇಳುವುದು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ತರುತ್ತಿದೆ. ಅದು 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಐದು ಪದದ ಚೀಟಿ ಎತ್ತಿ ಐದೂ ಬರುವಂತೆ ಗುಂಪು ಕಥೆ ಕಟ್ಟುವುದು ಹಿರಿಯ ಮಕ್ಕಳ ಆಟ.

ಮನೆಮಾತು ಮತ್ತು ಊರಮಾತು

ಕರ್ನಾಟಕದ ತರಗತಿಯಲ್ಲಿ ಕನ್ನಡವೇ ಎಲ್ಲರ ಮನೆಮಾತಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಕನ್ನಡದೊಳಗೂ ಮೈಸೂರು ಕಡೆಯ ಮಗುವಿಗೆ ಕಡಲೆಕಾಯಿ, ಧಾರವಾಡ ಕಡೆಯ ಮಗುವಿಗೆ ಶೇಂಗಾ. ಒಬ್ಬರಿಗೆ ಪೊರಕೆ, ಇನ್ನೊಬ್ಬರಿಗೆ ಕಸಬರಿಗೆ, ಕರಾವಳಿಯವರಿಗೆ ಹಿಡಿಸೂಡಿ. ಒಬ್ಬರಿಗೆ ಹಸು, ಇನ್ನೊಬ್ಬರಿಗೆ ಆಕಳು. ಪುಸ್ತಕದಲ್ಲಿರುವುದಷ್ಟೇ ಸರಿ ಎಂದು ಉಳಿದವನ್ನು ತಳ್ಳಿಹಾಕಿದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ವಸ್ತುವಿನ ಚಿತ್ರವನ್ನು ನಡುವೆ ಅಂಟಿಸಿ, ಪ್ರತಿ ಮನೆಯ ಹೆಸರನ್ನೂ ಸುತ್ತ ಬರೆಸಿ, ಕಡೆಗೆ ಪುಸ್ತಕದ ಪದವನ್ನು ಸೇರಿಸುವ ಆಟ ಇದಕ್ಕೆ ಮದ್ದು. ಅಜ್ಜ-ಅಜ್ಜಿಯರನ್ನು ಕೇಳಿ ಬೇಸಾಯ, ನೇಯ್ಗೆ, ಮೀನುಗಾರಿಕೆ, ಕುಂಬಾರಿಕೆಯ ಪದಗಳನ್ನು ಸಂಗ್ರಹಿಸಿ ಗೋಡೆಪತ್ರಿಕೆ ಮಾಡಿಸುವುದು ಇನ್ನೂ ಒಳ್ಳೆಯದು. ಕೂರಿಗೆ, ಮೇಟಿ, ಲಾಳಿ, ತಿಗರಿ ಎಂಬ ಪದಗಳು ಮಕ್ಕಳ ನಾಲಿಗೆಯಲ್ಲಿ ಉಳಿದರೆ ಭಾಷೆಯೂ ಉಳಿಯುತ್ತದೆ.

ಹೊರನಾಡಿನ ವಾರಾಂತ್ಯದ ಕನ್ನಡ ತರಗತಿಗಳ ಸ್ಥಿತಿ ಬೇರೆ. ಅಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡ ಕೇಳುತ್ತಾರೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾರೆ. ಗ್ರಹಿಕೆ ಇದ್ದು ಬಳಕೆ ಇಲ್ಲದ ಅವರಿಗೆ ಸಂತೆಯಾಟ, ಅಡುಗೆಯಾಟ, ಅಜ್ಜಿಗೆ ಫೋನು ಮಾಡುವ ಅಭಿನಯದಂಥ ಬಾಯಿ ಬಿಡಿಸುವ ಆಟಗಳೇ ಹೆಚ್ಚು ಉಪಯುಕ್ತ.

ಯೋಜನೆ ಮತ್ತು ಮೌಲ್ಯಮಾಪನ

ಒಂದು ಅವಧಿಗೆ ಐದಾರು ಹೊಸ ಪದ ಸಾಕು. ಎಡ-ಬಲ, ನಿನ್ನೆ-ನಾಳೆ ಹೀಗೆ ಗೊಂದಲ ಹುಟ್ಟಿಸುವ ಜೋಡಿಗಳನ್ನು ಒಂದೇ ದಿನ ಹೊಸದಾಗಿ ಕಲಿಸಬಾರದು. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ ಕಲಿತದ್ದು ಬೇಗ ಮರೆಯುತ್ತದೆ, ಬಿಡುವು ಕೊಟ್ಟು ಮತ್ತೆ ನೆನೆದರೆ ಉಳಿಯುತ್ತದೆ. ಆದ್ದರಿಂದ ಸೋಮವಾರದ ಪದ ಬುಧವಾರ ಬೇರೊಂದು ಆಟದಲ್ಲಿ, ಮುಂದಿನ ವಾರ ಕಥೆಯಲ್ಲಿ ಮರಳಬೇಕು. ಹಳೆಯ ಪದಗಳ ಡಬ್ಬಿಯೊಂದನ್ನಿಟ್ಟು ದಿನದ ಮೊದಲ ಐದು ನಿಮಿಷ ಅದರಿಂದ ಚೀಟಿ ಎತ್ತಿಸುವುದು ಸರಳ ಉಪಾಯ.

ಪದ ಬಂದಿದೆಯೇ ಎಂದು ತಿಳಿಯಲು ಅರ್ಥ ಬರೆಸುವುದು ಸಾಲದು. “ಈಜು ಬಾರದೆ ಹೊಂಡದ ದಂಡೆಯಲ್ಲಿ ನಿಂತವನು, ದಿನಾ ಈಜುವವನು ಇವರಲ್ಲಿ ಹಿಂಜರಿಯುವವರು ಯಾರು? ಯಾಕೆ?” ಎಂದು ಕೇಳಬೇಕು. ಕಾರಣ ಹೇಳಿದ ಮಗುವಿಗೆ ಪದ ಬಂದಿದೆ.

ಮಿತಿಗಳು

ಕಲಸಿದ ಅಕ್ಷರಗಳನ್ನು ಜೋಡಿಸುವುದು, ಚೌಕದಲ್ಲಿ ಅಡಗಿದ ಪದ ಹುಡುಕುವುದು ಮಕ್ಕಳಿಗೆ ಖುಷಿ ಕೊಟ್ಟರೂ ಅರ್ಥವಿಲ್ಲದೆಯೇ ಗೆಲ್ಲಬಹುದಾದ್ದರಿಂದ ಕಾಗುಣಿತಕ್ಕಷ್ಟೇ ನೆರವಾಗುತ್ತವೆ. ಸೋತವರನ್ನು ಹೊರಗೆ ಕೂರಿಸುವ ಆಟಗಳಲ್ಲಿ ಹೆಚ್ಚು ಅಭ್ಯಾಸ ಬೇಕಾದ ಮಗುವೇ ಮೊದಲು ಹೊರಬೀಳುತ್ತದೆ. ತರಗತಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ನಲವತ್ತು ಮಕ್ಕಳ ಕೊಠಡಿಯಲ್ಲಿ ಒಬ್ಬೊಬ್ಬರ ಸರದಿ ಕಾಯುವ ಆಟ ನಡೆಯದು. ಐದಾರು ಮಕ್ಕಳ ಗುಂಪುಗಳಲ್ಲಿ ಎಲ್ಲರೂ ಒಟ್ಟಿಗೆ ಆಡುವಂತಿರಬೇಕು. ಗೋಡೆಗೆ ಅಂಟಿಸಿ ಮರೆತ ಪದಪಟ್ಟಿ ಬರೀ ಅಲಂಕಾರ. ಆಟವೊಂದೇ ಸಾಕೆಂಬುದೂ ತಪ್ಪು. ಪದಸಂಪತ್ತಿನ ಬಹುಪಾಲು ಬೆಳೆಯುವುದು ಹಿರಿಯರ ಮಾತು ಕೇಳಿ, ಪುಸ್ತಕ ಓದಿ. ಆಟ ಮಗುವಿಗೆ ಆ ಹಸಿವನ್ನು ಹುಟ್ಟಿಸಬೇಕು.

ಇವುಗಳಲ್ಲಿ ಯಾವುದಕ್ಕೂ ದುಬಾರಿ ಸಾಮಗ್ರಿ ಬೇಡ. ಹಳೆಯ ಕ್ಯಾಲೆಂಡರಿನ ಹಿಂಬದಿ, ಹುಣಸೆಬೀಜ, ಒಂದು ಹಗ್ಗ ಸಾಕು. ಬೇಕಾದದ್ದು ಪದಗಳನ್ನು ಮೊದಲೇ ಆಯ್ದುಕೊಂಡು ಬರುವ, ಮಗು ಹೇಳಿದ್ದನ್ನು ಕೊನೆಯವರೆಗೆ ಕೇಳುವ ಶಿಕ್ಷಕರು. ಅಂಥವರಿರುವ ಕೊಠಡಿಯಲ್ಲಿ ಏಕೋಪಾಧ್ಯಾಯ ಶಾಲೆಯ ಮಗುವೂ ಯಾವ ನಗರದ ಮಗುವಿಗೂ ಕಡಿಮೆಯಿಲ್ಲದಷ್ಟು ಪದಗಳ ಒಡೆಯನಾಗಬಲ್ಲದು.